ಕೆರೆಕಟ್ಟೆಯಲ್ಲಿ ನಿಂತು ನೋಡಿದಾಗ

ಈ ಅಂಕಣಕ್ಕೆ ಬರುವ ಪತ್ರಗಳಲ್ಲಿ ಒಂದು ಪ್ರಶ್ನೆ ಮಾತ್ರ ಚುನಾವಣೆ ಇರಲಿ, ಇಲ್ಲದಿರಲಿ ತಪ್ಪದೆ ಬರುತ್ತದೆ. ನಮ್ಮದು ಚಿಕ್ಕಮಗಳೂರು ಜಿಲ್ಲೆ, ಎಂಪಿ ಆರಿಸುವಾಗ ಮಾತ್ರ ಉಡುಪಿಯ ಜೊತೆ ನಮ್ಮನ್ನು ಯಾಕೆ ಕಟ್ಟಿದರು? ಖಾಂಡ್ಯ ಹೋಬಳಿಯವರು ಇನ್ನೊಂದು ಬಗೆಯಲ್ಲಿ ಕೇಳುತ್ತಾರೆ: ನಮ್ಮ ತಾಲ್ಲೂಕು ಕಚೇರಿ ಚಿಕ್ಕಮಗಳೂರಿನಲ್ಲಿದೆ, ವೋಟು ಶೃಂಗೇರಿ ಕ್ಷೇತ್ರಕ್ಕೆ ಹೋಗುತ್ತದೆ, ಇದು ಯಾವ ನ್ಯಾಯ? ಕೇಳುವವರ ದನಿಯಲ್ಲಿ ಸಿಟ್ಟಿಗಿಂತ ನೋವು ಹೆಚ್ಚು. ನಮ್ಮನ್ನು ಕೇಳದೆ ಯಾರೋ ಎಲ್ಲೋ ಕೂತು ಗೆರೆ ಎಳೆದರು ಎಂಬ ನೋವು ಅದು. ಇದಕ್ಕೆ ಉತ್ತರ ಹೇಳಲು ನಾನು ಯಾವತ್ತೂ ಕೆರೆಕಟ್ಟೆಗೆ ಹೋಗಿ ನಿಲ್ಲುತ್ತೇನೆ, ಕಾಲಿನಿಂದ ಆಗದಿದ್ದರೆ ಮನಸ್ಸಿನಿಂದಲಾದರೂ.

ಶೃಂಗೇರಿಯಿಂದ ಕಾರ್ಕಳದ ದಾರಿ ಹಿಡಿದರೆ ನೆಮ್ಮಾರು ದಾಟಿದ ಮೇಲೆ ಕಾಡು ಎರಡೂ ಕಡೆಯಿಂದ ರಸ್ತೆಯ ಮೇಲೆ ಬಾಗಿಕೊಳ್ಳುತ್ತದೆ. ಆ ಕಾಡಿನ ನಡುವಿನ ಊರು ಕೆರೆಕಟ್ಟೆ. ಊರು ಎಂದರೆ ಒಂದೇ ಕಡೆ ಗುಂಪಾಗಿ ಕೂತ ಊರಲ್ಲ. ಒಂದು ಮನೆ ಇಲ್ಲಿದ್ದರೆ ಇನ್ನೊಂದು ಹಳ್ಳದಾಚೆ, ನಡುವೆ ಕಾಲುಸಂಕ, ಗದ್ದೆ, ಒಂದಿಷ್ಟು ಅಡಿಕೆ ತೋಟ, ಅದರ ಬೇಲಿಗೇ ತಾಗಿದ ದಟ್ಟ ಮರಗಳು. ಅಲ್ಲಿಂದ ಮುಂದೆ ಹೋದರೆ ಘಾಟಿ ಇಳಿಯುವ ಮೊದಲು ಸಿಗುವ ಜಾಗಕ್ಕೆ ಇವತ್ತಿಗೂ ಜನ ಹೇಳುವ ಹೆಸರು ಎಸ್.ಕೆ. ಬಾರ್ಡರ್. ಬಸ್ಸಿನ ಕಂಡಕ್ಟರೂ ಹಾಗೇ ಕೂಗುತ್ತಾನೆ, ಚಿಕ್ಕ ಮಕ್ಕಳೂ ಹಾಗೇ ಹೇಳುತ್ತಾರೆ. ಎಸ್.ಕೆ. ಎಂದರೆ ಸೌತ್ ಕೆನರಾ. ಆ ಹೆಸರಿನ ಜಿಲ್ಲೆ ಈಗ ಇಲ್ಲ. ಆ ಗಡಿಯೂ ಈಗ ಎರಡು ಜಿಲ್ಲೆಗಳ ನಡುವಿನ ಗಡಿ ಮಾತ್ರ. ಆದರೆ 1956ರ ನವೆಂಬರ್ 1ರವರೆಗೆ ಅದು ಎರಡು ರಾಜ್ಯಗಳ ಗಡಿ. ಅದಕ್ಕೂ ಹಿಂದೆ, ಸ್ವಾತಂತ್ರ್ಯ ಬರುವ ತನಕ, ಮಹಾರಾಜರ ಮೈಸೂರಿಗೂ ಬ್ರಿಟಿಷರ ಮದರಾಸು ಪ್ರಾಂತ್ಯಕ್ಕೂ ನಡುವಿನ ಗೆರೆ. ಘಟ್ಟದ ಮೇಲಿನವರ ಅಹವಾಲು ಮೈಸೂರಿಗೆ ಹೋಗುತ್ತಿತ್ತು, ಘಟ್ಟದ ಕೆಳಗಿನವರದು ಮದರಾಸಿಗೆ. ಕೆರೆಕಟ್ಟೆ ಆ ಗೆರೆಯ ಅಂಚಿನ ಮೇಲೆ ಕೂತಿತ್ತು.

ಮೇಲಿನವರ ಕತೆ ಮೊದಲು. 1881ರ ಅಕ್ಟೋಬರ್ 7ರಂದು, ದಸರೆಯ ಹೊತ್ತಿನಲ್ಲಿ, ದಿವಾನ್ ರಂಗಾಚಾರ್ಲು ಅವರು ಮೈಸೂರಿನಲ್ಲಿ ಪ್ರಜಾಪ್ರತಿನಿಧಿ ಸಭೆಯನ್ನು ಮೊದಲ ಬಾರಿ ಸೇರಿಸಿದರು. ಸದಸ್ಯರು 144 ಮಂದಿ. ತಾಲ್ಲೂಕಿಗೆ ಒಬ್ಬಿಬ್ಬರು ಭೂಮಾಲೀಕರು, ಜಿಲ್ಲೆಗೆ ಮೂರು ನಾಲ್ಕು ಮಂದಿ ದೊಡ್ಡ ವರ್ತಕರು ಎಂಬುದು ಲೆಕ್ಕ. ನಮ್ಮ ಭಾಗದಲ್ಲಿ ಪ್ರಾತಿನಿಧ್ಯ ಎಂಬುದು ಶುರುವಾದದ್ದೇ ಹೀಗೆ, ತಾಲ್ಲೂಕನ್ನು ಅಳತೆಗೋಲಾಗಿ ಇಟ್ಟುಕೊಂಡು. ಮೊದಲು ಸದಸ್ಯರನ್ನು ಅಧಿಕಾರಿಗಳೇ ಗೊತ್ತುಮಾಡುತ್ತಿದ್ದರು. 1891ರಿಂದ ಚುನಾವಣೆ ಬಂತು. ವೋಟಿನ ಹಕ್ಕು ಕಂದಾಯ ಕಟ್ಟುವ ಸ್ಥಿತಿವಂತರಿಗೆ, ಪದವೀಧರರಿಗೆ ಮಾತ್ರ. ಸಭೆಗೆ ಕಾನೂನು ಮಾಡುವ ಅಧಿಕಾರವಿರಲಿಲ್ಲ. ದಿವಾನರ ಭಾಷಣ ಕೇಳಬಹುದಿತ್ತು, ತಮ್ಮ ಸೀಮೆಯ ಕಷ್ಟ ಹೇಳಿಕೊಳ್ಳಬಹುದಿತ್ತು. 1907ರಲ್ಲಿ ನ್ಯಾಯವಿಧಾಯಕ ಸಭೆ ಬಂತು. 1923ರಲ್ಲಿ ಪ್ರಜಾಪ್ರತಿನಿಧಿ ಸಭೆಗೆ ಕಾಯ್ದೆಯ ಬಲ ಸಿಕ್ಕಿತು, ಹೆಂಗಸರಿಗಿದ್ದ ತಡೆಯೂ ಹೋಯಿತು. ಕೊಪ್ಪ, ಶೃಂಗೇರಿಯ ಕಡೆ ಅಂದೂ ರೈಲಿಲ್ಲ, ಇಂದೂ ಇಲ್ಲ. ಮಳೆಗಾಲದ ಕೆಸರು ಆರುವ ಮೊದಲೇ ಗಾಡಿ ಕಟ್ಟಿಸಿಕೊಂಡು ಮೈಸೂರಿಗೆ ಹೊರಟ ಕೊಪ್ಪದ ಆ ಮೊದಲ ಪ್ರತಿನಿಧಿಯನ್ನು ನಾನು ಆಗಾಗ ಕಲ್ಪಿಸಿಕೊಳ್ಳುತ್ತೇನೆ. ಹೋಗಿ ಬರುವ ದಾರಿಯೇ ಅವನ ಮೊದಲ ಅಹವಾಲು ಆಗಿದ್ದಿರಬೇಕು.

ಇಲ್ಲಿ ಓದುಗರು ಗಮನಿಸಬೇಕಾದ ಸಂಗತಿಯೊಂದಿದೆ. ಆಗ ನಮ್ಮ ಜಿಲ್ಲೆಯ ಹೆಸರು ಕಡೂರು. 1947ರವರೆಗೂ ಹಾಗೇ ಇತ್ತು. ಹಳೆಯ ಗೆಜೆಟಿಯರ್ ತೆಗೆದು ನೋಡಿದರೆ ಕೊಪ್ಪ ತಾಲ್ಲೂಕು ಎಂದು ಬರೆದ ಕಡೆ ಅದರ ಒಳಗೇ ಎರಡು ಹೆಸರು ಸೇರಿವೆ: ಎಡೇಹಳ್ಳಿ ಉಪ ತಾಲ್ಲೂಕು ಮತ್ತು ಶೃಂಗೇರಿ ಜಹಗೀರು. ಎಡೇಹಳ್ಳಿಗೆ 1915ರಲ್ಲಿ ಯುವರಾಜ ಕಂಠೀರವ ನರಸಿಂಹರಾಜ ಒಡೆಯರ ಹೆಸರು ಬಂದು ಅದು ನರಸಿಂಹರಾಜಪುರವಾಯಿತು. ಶೃಂಗೇರಿ ಮಠದ ಜಹಗೀರು ಇನಾಂ ರದ್ದತಿಯ ನಂತರ ಸರ್ಕಾರದ ಆಡಳಿತಕ್ಕೆ ಸೇರಿತು. ಅಂದರೆ ಇವತ್ತು ಶೃಂಗೇರಿ ವಿಧಾನಸಭಾ ಕ್ಷೇತ್ರವೆಂದು ನಾವು ಕರೆಯುವುದು, ಖಾಂಡ್ಯ ಹೋಬಳಿಯೊಂದನ್ನು ಬಿಟ್ಟರೆ, ನೂರು ವರ್ಷ ಹಿಂದಿನ ಕೊಪ್ಪ ತಾಲ್ಲೂಕೇ. ಮೂರು ತಾಲ್ಲೂಕುಗಳನ್ನು ಒಟ್ಟಿಗೆ ಹಾಕಿ ಒಂದು ಸೀಟು ಕೊಟ್ಟರು ಎಂದು ಕೊರಗುವವರಿಗೆ ನಾನು ಇದನ್ನೇ ಹೇಳುವುದು. ಈ ಮೂರೂ ಒಂದೇ ಮನೆಯಿಂದ ಪಾಲಾದವು. ವೋಟಿನ ದಿನ ಮತ್ತೆ ಒಂದೇ ಪಂಕ್ತಿಗೆ ಕೂರುತ್ತವೆ.

ಘಟ್ಟದ ಕೆಳಗಿನ ಕತೆ ಬೇರೆ. ಅಲ್ಲಿ ಮದರಾಸಿನ ಲೆಜಿಸ್ಲೇಟಿವ್ ಕೌನ್ಸಿಲಿಗೆ ಚುನಾವಣೆ. 1926ರಲ್ಲಿ ಮಂಗಳೂರಿನ ಮಗಳು ಕಮಲಾದೇವಿ ಚಟ್ಟೋಪಾಧ್ಯಾಯ ಆ ಕೌನ್ಸಿಲಿಗೆ ಸ್ಪರ್ಧಿಸಿದರು. ಶಾಸನಸಭೆಗೆ ಸ್ಪರ್ಧಿಸಿದ ದೇಶದ ಮೊದಲ ಮಹಿಳೆ ಎಂದು ಅವರನ್ನು ನೆನೆಯುತ್ತಾರೆ. ಸೋತದ್ದು ಕೆಲವೇ ಮತಗಳಿಂದ. 1952ರ ಮೊದಲ ಮಹಾಚುನಾವಣೆಯಲ್ಲೂ ಇದೇ ಇಬ್ಭಾಗ: ಕೆರೆಕಟ್ಟೆಯವರು ಮೈಸೂರು ವಿಧಾನಸಭೆಯ 99 ಸ್ಥಾನಗಳಲ್ಲಿ ಒಂದಕ್ಕೆ ಮತ ಹಾಕಿದರೆ, ಘಾಟಿ ಇಳಿದರೆ ಸಿಗುವ ಮಾಳ, ಕಾರ್ಕಳದವರು ಮದರಾಸು ವಿಧಾನಸಭೆಗೆ ಹಾಕಿದರು. ನಾಲ್ಕು ವರ್ಷ ಕಳೆದು ರಾಜ್ಯಗಳು ಭಾಷೆಯ ಮೇಲೆ ಮರುರಚನೆಯಾದಾಗ ಕಾಸರಗೋಡು ನಮ್ಮ ಕೈತಪ್ಪಿ ಕೇರಳಕ್ಕೆ ಹೋಯಿತು, ಉಳಿದ ದಕ್ಷಿಣ ಕನ್ನಡ ಮೈಸೂರು ರಾಜ್ಯಕ್ಕೆ ಬಂತು. 1957ರಲ್ಲಿ ಹೊಸ ರಾಜ್ಯದ ವಿಧಾನಸಭೆಗೆ 208 ಸ್ಥಾನ. ಘಟ್ಟದ ಮೇಲೂ ಕೆಳಗೂ ಒಂದೇ ಸಭೆ.

ಹಾಗಿದ್ದರೆ ಒಂದೇ ಲೋಕಸಭಾ ಕ್ಷೇತ್ರವಾದದ್ದು ಯಾವಾಗ? ಬಹಳ ಮಂದಿ 2008 ಎಂದುಕೊಂಡಿದ್ದಾರೆ. ಅಲ್ಲ. ಎಪ್ಪತ್ತರ ದಶಕದ ಮರುವಿಂಗಡಣೆಯಲ್ಲೇ ಚಿಕ್ಕಮಗಳೂರು ಲೋಕಸಭಾ ಕ್ಷೇತ್ರದಲ್ಲಿ ನಮ್ಮ ಜಿಲ್ಲೆಯ ಆರು ವಿಧಾನಸಭಾ ಕ್ಷೇತ್ರಗಳ ಜೊತೆ ಕೆಳಗಿನ ಕಾರ್ಕಳ, ಬೆಳ್ತಂಗಡಿ ಇದ್ದವು. 1978ರಲ್ಲಿ ಡಿ.ಬಿ. ಚಂದ್ರೇಗೌಡರು ಬಿಟ್ಟುಕೊಟ್ಟ ಸ್ಥಾನಕ್ಕೆ ಇಂದಿರಾ ಗಾಂಧಿ ನಿಂತು, ವೀರೇಂದ್ರ ಪಾಟೀಲರ ಎದುರು 70 ಸಾವಿರಕ್ಕೂ ಹೆಚ್ಚು ಮತಗಳಿಂದ ಗೆದ್ದರಲ್ಲ, ಅದು ಇದೇ ಕ್ಷೇತ್ರ. ಹೆಸರು ಚಿಕ್ಕಮಗಳೂರು ಎಂದಿದ್ದರೂ ಅರಬ್ಬೀ ಸಮುದ್ರದ ಗಾಳಿ ಬೀಸುವ ಊರಿನವರೂ ಅದರಲ್ಲಿ ವೋಟು ಹಾಕಿದ್ದರು.

ಆ ಚುನಾವಣೆ ನಡೆದದ್ದು ನವೆಂಬರಿನಲ್ಲಿ, ಅಡಿಕೆ ಕೊಯ್ಲಿನ ನಡುವೆ. ಕೆರೆಕಟ್ಟೆಯ ಕಡೆ ನಮ್ಮ ಸೋದರತ್ತೆಯ ಮನೆ. ನಾನಾಗ ಹುಡುಗ. ಸಂಜೆಯಾದ ಮೇಲೆ ಜಗಲಿಯ ತುಂಬ ಹಸಿ ಅಡಿಕೆ ಸುರಿದು, ಮೆಟ್ಟುಗತ್ತಿ ಇಟ್ಟುಕೊಂಡು ಹೆಂಗಸರು ಸುಲಿಯುತ್ತಾ ಕೂತರೆ ರಾತ್ರಿ ಹತ್ತು ಗಂಟೆಯಾದರೂ ಎದ್ದೇಳುತ್ತಿರಲಿಲ್ಲ. ಆ ದಿನಗಳಲ್ಲಿ ರಸ್ತೆಯಲ್ಲಿ ಜೀಪುಗಳ ಸದ್ದು ಕೇಳದ ಹೊತ್ತಿಲ್ಲ. ವೋಟಿನ ದಿನ ಅತ್ತೆ ಬೆಳಗಿನ ಕೆಲಸ ಮುಗಿಸಿ, ಹಳ್ಳ ದಾಟಿ, ಕಾಡುದಾರಿಯಲ್ಲಿ ನಡೆದು ಮತಗಟ್ಟೆಗೆ ಹೋದರು, ಜೊತೆಗೆ ನಾನು. ಅಲ್ಲಿ ಕೂತಿದ್ದ ಸಿಬ್ಬಂದಿ ಅತ್ತೆಯ ಎಡಗೈ ತೋರುಬೆರಳು ಹಿಡಿದು ಶಾಯಿ ಹಚ್ಚಿ, ಮತ್ತೆ ಹಿಡಿದು ನೋಡಿದರು. ಅಡಿಕೆಯ ಚೊಗರು ಕೂತು ಅತ್ತೆಯ ಬೆರಳು ಉಗುರಿನ ಬುಡದವರೆಗೂ ಕಪ್ಪಾಗಿತ್ತು. ಮೈಸೂರಿನ ಕಾರ್ಖಾನೆಯ ಶಾಯಿ ಆ ಕಪ್ಪಿನ ಮೇಲೆ ಕಾಣಲೇ ಇಲ್ಲ. "ಇನ್ನೊಂದ್ಸಲ ಹಚ್ಚಿ ಸ್ವಾಮಿ, ವೋಟು ಹಾಕಿದ್ದು ಗೊತ್ತಾಗ್ಬೇಕಲ್ಲ" ಎಂದರು ಅತ್ತೆ. ಎರಡನೆಯ ಸಲ ಹಚ್ಚಿದರು. ಮನೆಗೆ ಬಂದು ಮತ್ತೆ ಮೆಟ್ಟುಗತ್ತಿಯ ಮುಂದೆ ಕೂತರು. ಯಾರಿಗೆ ಹಾಕಿದರೆಂದು ಅವರು ಹೇಳಲಿಲ್ಲ, ಯಾರೂ ಕೇಳಲೂ ಇಲ್ಲ.

ಈಗ ಆ ಕಾರ್ಕಳದ ವಿಷಯ. ಕೊಪ್ಪದಲ್ಲೋ ಎನ್.ಆರ್. ಪುರದಲ್ಲೋ ಕೂತವರಿಗೆ ಕರಾವಳಿಯ ಜೊತೆಗಿನ ನಂಟು ಬಲವಂತದ ಮದುವೆ ಅನ್ನಿಸಬಹುದು. ಕೆರೆಕಟ್ಟೆಯವರಿಗೆ ಹಾಗಲ್ಲ. ಅವರಿಗೆ ಚಿಕ್ಕಮಗಳೂರು ಅರ್ಧ ದಿನದ ದಾರಿ. ಕಾರ್ಕಳ ಘಾಟಿ ಇಳಿದರೆ ಸಿಗುತ್ತದೆ. ಕಾಯಿಲೆ ಜೋರಾದರೆ ಹೋಗುವುದು ಕೆಳಗೆ, ಮಣಿಪಾಲಕ್ಕೆ. ಗಡಿಯ ಎರಡೂ ಕಡೆ ಕೊಡುಕೊಳ್ಳುವ ನೆಂಟಸ್ತಿಕೆ ಇದೆ, ತುಳು ಮಾತಾಡುವ ಮನೆಗಳು ಮೇಲೂ ಇವೆ. ಹಾಗಾಗಿ 2009ರಿಂದ ಉಡುಪಿ-ಚಿಕ್ಕಮಗಳೂರು ಎಂದಾದ ಕ್ಷೇತ್ರದಲ್ಲಿ ಕುಂದಾಪುರ, ಉಡುಪಿ, ಕಾಪು, ಕಾರ್ಕಳದ ಜೊತೆ ಶೃಂಗೇರಿ, ಮೂಡಿಗೆರೆ, ಚಿಕ್ಕಮಗಳೂರು, ತರೀಕೆರೆ ಕೂಡಿರುವುದು ನನಗೆ ದೊಡ್ಡ ಅನ್ಯಾಯವೆಂದು ಕಾಣುವುದಿಲ್ಲ. ಬಯಲುಸೀಮೆಯ ಕಡೂರು ಹಾಸನಕ್ಕೆ ಹೋಯಿತು, ಬೆಳ್ತಂಗಡಿ ದಕ್ಷಿಣ ಕನ್ನಡಕ್ಕೆ. ನಾಲ್ಕಕ್ಕೆ ನಾಲ್ಕು. ನಾವು ಚಿಂತಿಸಬೇಕಾದದ್ದು ಆ ಎಂಟರ ಹಂಚಿಕೆಯನ್ನಲ್ಲ. ನಮ್ಮ ಜಿಲ್ಲೆಯ ಆರು ಐದಾದದ್ದು ಹೇಗೆ ಮತ್ತು ಮುಂದೆ ಅದು ಎಷ್ಟಾಗಲಿದೆ ಎಂಬುದನ್ನು.

ಈ ಲೆಕ್ಕ ಕಷ್ಟದ್ದಲ್ಲ, ಆದರೆ ಬಿಡಿಸಿ ಹೇಳುವವರು ಕಡಿಮೆ. 1978ರಿಂದ ನಮ್ಮ ವಿಧಾನಸಭೆಗೆ 224 ಸ್ಥಾನ. ಆ ಹಂಚಿಕೆಗೆ ಆಧಾರ 1971ರ ಜನಗಣತಿ. ಆಗ ರಾಜ್ಯದ ಜನಸಂಖ್ಯೆ 2.93 ಕೋಟಿ, 224ರಿಂದ ಭಾಗಿಸಿದರೆ ಒಂದು ಕ್ಷೇತ್ರಕ್ಕೆ ಸುಮಾರು 1.31 ಲಕ್ಷ ಜನ. ಚಿಕ್ಕಮಗಳೂರು ಜಿಲ್ಲೆಯಲ್ಲಿದ್ದವರು 7.36 ಲಕ್ಷ. ಭಾಗಿಸಿ ನೋಡಿದರೆ ಐದೂವರೆಗಿಂತ ಹೆಚ್ಚು, ಆರಕ್ಕೆ ಹತ್ತಿರ. ಆರು ಸೀಟು ಸಿಕ್ಕವು: ಶೃಂಗೇರಿ, ಮೂಡಿಗೆರೆ, ಚಿಕ್ಕಮಗಳೂರು, ಬೀರೂರು, ಕಡೂರು, ತರೀಕೆರೆ. 1976ರಲ್ಲಿ ಸಂವಿಧಾನದ 42ನೇ ತಿದ್ದುಪಡಿ ಈ ಹಂಚಿಕೆಗೆ ಬೀಗ ಹಾಕಿತು. ಜನಸಂಖ್ಯೆ ಹತೋಟಿಗೆ ತಂದ ರಾಜ್ಯಗಳಿಗೆ ಸೀಟು ಕಡಿಮೆಯಾಗಬಾರದೆಂಬುದು ಅದರ ಉದ್ದೇಶ. ಹೀಗೆ 2004ರವರೆಗೆ ಒಂದೇ ನಕ್ಷೆಯ ಮೇಲೆ ಚುನಾವಣೆಗಳು ನಡೆದವು. ಅಷ್ಟರಲ್ಲಿ ಒಂದು ತಲೆಮಾರೇ ಹಣ್ಣಾಗಿತ್ತು. ಈ ನಡುವೆ 84 ಮತ್ತು 87ನೇ ತಿದ್ದುಪಡಿಗಳು ಬಂದಿದ್ದವು. ರಾಜ್ಯದ ಒಟ್ಟು ಸೀಟು ಬದಲಾಗಬಾರದು, ಆದರೆ 2001ರ ಜನಗಣತಿ ಹಿಡಿದು ಒಳಗಿನ ಗೆರೆಗಳನ್ನು ಸರಿಪಡಿಸಬಹುದು ಎಂದಾಯಿತು. ನ್ಯಾಯಮೂರ್ತಿ ಕುಲದೀಪ್ ಸಿಂಗ್ ಅಧ್ಯಕ್ಷತೆಯ ಆಯೋಗ ಆ ಕೆಲಸ ಮಾಡಿತು. ಆ ಹೊಸ ನಕ್ಷೆಯ ಮೇಲೆ ದೇಶದಲ್ಲೇ ಮೊದಲು ಚುನಾವಣೆ ನಡೆಸಿದ ರಾಜ್ಯ ಕರ್ನಾಟಕ, 2008ರ ಮೇ ತಿಂಗಳಲ್ಲಿ.

2001ರಲ್ಲಿ ರಾಜ್ಯದ ಜನ 5.28 ಕೋಟಿ, ಕ್ಷೇತ್ರಕ್ಕೆ 2.36 ಲಕ್ಷ. ನಮ್ಮ ಜಿಲ್ಲೆಯವರು 11.41 ಲಕ್ಷ. ಭಾಗಿಸಿದರೆ ಐದಕ್ಕೂ ಸ್ವಲ್ಪ ಕಡಿಮೆ. ಐದು ಸೀಟು ಉಳಿದವು, ಬೀರೂರು ಹೋಯಿತು. ಅದೇ ಲೆಕ್ಕದಲ್ಲಿ ಬೆಂಗಳೂರು ನಗರ ಜಿಲ್ಲೆಗೆ 28. ಕೊಡಗಿನ ಮೂರು ಎರಡಾದವು. ಕೆಳಗೆ ಬ್ರಹ್ಮಾವರ, ವಿಟ್ಲ ಇಲ್ಲವಾದವು. ಬೀರೂರಿನ ಹೆಸರು ಪಟ್ಟಿಯಿಂದ ಹೋದ ದಿನ ಆ ಊರಿನ ಹಿರಿಯರೊಬ್ಬರು ನನ್ನೆದುರು ಕಣ್ಣು ಒರೆಸಿಕೊಂಡದ್ದು ಈಗಲೂ ನೆನಪಿದೆ. ಹೊರಗಿನವರಿಗೆ ಅದು ಒಂದು ಸೀಟು. ಅವರಿಗೆ ಊರಿನ ಹೆಸರು.

ಮುಂದಿನ ಲೆಕ್ಕ ಇನ್ನೂ ಬಿಗಿ. 2011ರ ಜನಗಣತಿಯಲ್ಲಿ ರಾಜ್ಯದ ಜನಸಂಖ್ಯೆ 6.11 ಕೋಟಿಗೆ ಏರಿತು, ನಮ್ಮ ಜಿಲ್ಲೆಯದು ಇಳಿಯಿತು: 11.41 ಲಕ್ಷದಿಂದ 11.38 ಲಕ್ಷಕ್ಕೆ. ಸೀಟು 224 ಆಗಿಯೇ ಇದ್ದು ಆ ಅಂಕಿಗಳಿಂದ ಭಾಗಿಸಿದರೆ ನಮ್ಮ ಪಾಲು ನಾಲ್ಕು ಚಿಲ್ಲರೆ. ಬೆಂಗಳೂರು ನಗರದ್ದು 35. ನಾಲ್ಕು ಸೀಟಿನಲ್ಲಿ ಈ ಜಿಲ್ಲೆಯನ್ನು ಹಂಚಿದರೆ ಶೃಂಗೇರಿ ಕ್ಷೇತ್ರಕ್ಕೆ ಇನ್ನಷ್ಟು ಹೋಬಳಿಗಳು ಸೇರಲೇಬೇಕು. ಈಗಲೇ ಅದು ತುಂಗೆಯ ದಡದಿಂದ ಭದ್ರೆಯ ದಡದವರೆಗೆ ಹರಡಿದೆ. ಕೆರೆಕಟ್ಟೆಯಿಂದ ಹೊರಟರೆ ಶೃಂಗೇರಿ, ಜಯಪುರ, ಬಾಳೆಹೊನ್ನೂರು ದಾಟಿದ ಮೇಲೆ ಖಾಂಡ್ಯ. ಜುಲೈ ತಿಂಗಳಲ್ಲಿ ಆ ದಾರಿಯಲ್ಲಿ ಒಮ್ಮೆ ಹೋಗಿಬಂದವರಿಗೆ ನಾನು ಹೆಚ್ಚು ಹೇಳಬೇಕಿಲ್ಲ. ಮರ ಬಿದ್ದರೆ ದಾರಿ ಬಂದ್, ಧರೆ ಕುಸಿದರೆ ಬಂದ್. ರಾಜ್ಯದಲ್ಲಿ ಅತಿ ಕಡಿಮೆ ಮತದಾರರಿರುವ ಕ್ಷೇತ್ರಗಳ ಸಾಲಿನಲ್ಲಿ ಶೃಂಗೇರಿ ಇದೆ, ಒಂದೂವರೆ ಲಕ್ಷಕ್ಕಿಂತ ತುಸು ಹೆಚ್ಚು ಅಷ್ಟೇ. ಬೆಂಗಳೂರು ದಕ್ಷಿಣದಲ್ಲಿ ಇದರ ಮೂರು ಪಟ್ಟಿಗೂ ಹೆಚ್ಚು. ಒಬ್ಬರಿಗೆ ಒಂದು ವೋಟು, ಎಲ್ಲರ ವೋಟಿಗೂ ಒಂದೇ ತೂಕ ಎನ್ನುವವರಿಗೆ ಈ ಅಂಕಿ ಅನ್ಯಾಯವಾಗಿ ಕಾಣುತ್ತದೆ. ಅವರ ಮಾತಿನಲ್ಲಿ ನ್ಯಾಯವಿದೆ, ಅದನ್ನು ನಾನು ತಳ್ಳಿಹಾಕುವುದಿಲ್ಲ. ಆದರೆ ಅಲ್ಲಿನ ಶಾಸಕರು ಬೆಳಗಿನಿಂದ ಸಂಜೆಯೊಳಗೆ ತಮ್ಮ ಕ್ಷೇತ್ರವನ್ನು ಎರಡು ಸುತ್ತು ಹಾಕಬಹುದು. ಇಲ್ಲಿ ಒಂದು ಕಾಲುಸಂಕ ಕೊಚ್ಚಿಹೋದದ್ದನ್ನು ನೋಡಿಬರಲು ಒಂದು ದಿನ ಬೇಕು.

ಕಾನೂನಿಗೆ ಈ ಕಷ್ಟ ಗೊತ್ತಿಲ್ಲವೆಂದಲ್ಲ. 2002ರ ಮರುವಿಂಗಡಣೆ ಕಾಯ್ದೆಯಲ್ಲೇ ನೆಲದ ಸ್ವರೂಪ, ಸಂಚಾರ ಸೌಕರ್ಯ, ಜನರ ಅನುಕೂಲ ನೋಡಬೇಕೆಂದು ಬರೆದಿದೆ. ನಮ್ಮದೇ ರಾಜ್ಯದ 1993ರ ಪಂಚಾಯತ್ ರಾಜ್ ಕಾಯ್ದೆ ಇನ್ನೂ ಸ್ಪಷ್ಟವಾಗಿ ನಡೆದುಕೊಂಡಿತು. ಬೇರೆ ಕಡೆ ಗ್ರಾಮ ಪಂಚಾಯಿತಿಗೆ 5,000ದಿಂದ 7,000 ಜನ ಇರಬೇಕು. ಚಿಕ್ಕಮಗಳೂರು, ಕೊಡಗು, ಶಿವಮೊಗ್ಗ, ಉತ್ತರ ಕನ್ನಡದಂಥ ಮಲೆನಾಡು, ಕರಾವಳಿ ಜಿಲ್ಲೆಗಳಲ್ಲಿ 2,500 ಇದ್ದರೆ ಸಾಕು ಎಂದಿತು. ಅದರ ಹಿಂದೆ ಮನೆಯಿಂದ ಮನೆಗೆ ನಡೆದು ಗೊತ್ತಿದ್ದವರ ಕೈ ಇದೆ. ಪಂಚಾಯಿತಿಗೆ ಒಪ್ಪಿದ ಈ ವಿವೇಕ ವಿಧಾನಸಭೆಗೆ ಯಾಕೆ ಒಪ್ಪಬಾರದು? ಲೆಕ್ಕದ ತಕ್ಕಡಿಯನ್ನು ಬಿಸಾಡಿ ಎಂದು ನಾನು ಹೇಳುತ್ತಿಲ್ಲ. ಬೆಟ್ಟದ ಸೀಮೆಗೆ ಇನ್ನಷ್ಟು ರಿಯಾಯಿತಿ ಕೊಡಿ, ಐದನ್ನು ನಾಲ್ಕು ಮಾಡುವ ಮುನ್ನ ಒಂದು ಮಳೆಗಾಲ ಇಲ್ಲಿ ಕಳೆಯಿರಿ ಎನ್ನುತ್ತಿದ್ದೇನೆ.

ಕಾಡಿನ ಒಳಗಿರುವ ಗಿರಿಜನರ ಮಾತು ಇದಕ್ಕಿಂತ ಒಂದು ಹೆಜ್ಜೆ ಹಿಂದೆಯೇ ಉಳಿದಿದೆ. 2008ರ ನಕ್ಷೆಯಲ್ಲಿ ಪರಿಶಿಷ್ಟ ಪಂಗಡಕ್ಕೆ 15 ಸ್ಥಾನ ಮೀಸಲಾಯಿತು. ಹಿಂದೆ ಇದ್ದದ್ದು ಎರಡೇ. ಆದರೆ ಆ ಪಂಗಡಗಳ ಜನಸಂಖ್ಯೆಯ ಪಾಲು ಹೆಚ್ಚಿರುವ ಕಡೆಯೇ ಮೀಸಲು ಕೊಡುವುದು ನಿಯಮವಾದ್ದರಿಂದ ಅವು ಬಹುಪಾಲು ಬಳ್ಳಾರಿ, ರಾಯಚೂರು, ಚಿತ್ರದುರ್ಗದ ಕಡೆ ಬಿದ್ದವು. ಮಲೆನಾಡಿಗೂ ಕರಾವಳಿಗೂ ಒಂದೂ ಇಲ್ಲ. ಕೊಡಗಿನ ವಿರಾಜಪೇಟೆಗಿದ್ದ ಮೀಸಲೂ ಹೋಯಿತು. ಕುದುರೆಮುಖದ ಕಾಡಿನಂಚಿನಲ್ಲಿ ತಲೆತಲಾಂತರದಿಂದ ಇರುವ ಮಲೆಕುಡಿಯರು, ಗೌಡಲು ಜನ ಒಂದೊಂದು ಕಣಿವೆಯಲ್ಲಿ ಹತ್ತಿಪ್ಪತ್ತು ಮನೆಗಳಂತೆ ಚದುರಿದವರು. ಯಾವ ಗೆರೆ ಎಳೆದರೂ ಅವರು ಒಟ್ಟಾಗಿ ಒಂದೇ ಗೆರೆಯೊಳಗೆ ಬರುವುದಿಲ್ಲ. ರಾಷ್ಟ್ರೀಯ ಉದ್ಯಾನದ ಅಂತಿಮ ಘೋಷಣೆ 2001ರಲ್ಲಿ ಬಂದ ಮೇಲೆ, ಪರಿಹಾರ ತೆಗೆದುಕೊಂಡು ಹೊರಗೆ ಹೋದವರಲ್ಲೂ ಅವರಿದ್ದಾರೆ.

ಚಿಕ್ಕ ಕ್ಷೇತ್ರದಿಂದ ಏನಾಗುತ್ತದೆ ಎನ್ನುವವರಿಗೆ ಎಚ್.ಜಿ. ಗೋವಿಂದೇಗೌಡರ ಹೆಸರು ಸಾಕು. ಶೃಂಗೇರಿ ಕ್ಷೇತ್ರದಿಂದ ಗೆದ್ದು 1994ರ ನಂತರ ಶಿಕ್ಷಣ ಸಚಿವರಾದವರು, ಅಂಕಗಳ ಆಧಾರದ ಮೇಲೆ ಶಿಕ್ಷಕರ ನೇಮಕ ಮಾಡಿಸಿದವರು. ಲಂಚ ಕೊಡದೆ ಕೆಲಸ ಸಿಕ್ಕಿತು ಎಂದು ಬೀದರಿನಿಂದ ಚಾಮರಾಜನಗರದವರೆಗೆ ಹೇಳುವ ಮೇಷ್ಟರುಗಳು ಇವತ್ತಿಗೂ ಇದ್ದಾರೆ. ಇನ್ನು ಒಂದು ವೋಟಿನ ಬೆಲೆ ಕೇಳಿದರೆ, 2018ರಲ್ಲಿ ಇಲ್ಲಿ ಗೆಲುವಿನ ಅಂತರ ಎರಡು ಸಾವಿರವೂ ಇರಲಿಲ್ಲ. 2023ರ ಮೇ 13ರಂದು ಘೋಷಣೆಯಾದದ್ದು 201. ಕಾಡಿನ ನಡುವಿನ ಒಂದು ಮತಗಟ್ಟೆಯ ಜನ ವೋಟಿನ ದಿನ ಮಳೆಗೆ ಹೆದರಿ ಮನೆಯಲ್ಲಿ ಉಳಿದಿದ್ದರೆ ಲೆಕ್ಕವೇ ಬೇರೆಯಾಗುತ್ತಿತ್ತೇನೋ.

ಮುಂದಿನ ಜನಗಣತಿಯ ಗೊತ್ತಾದ ದಿನ 2027ರ ಮಾರ್ಚ್ 1. 84ನೇ ತಿದ್ದುಪಡಿ ಹಾಕಿದ ಬೀಗದ ಗಡುವು 2026ರ ನಂತರದ ಮೊದಲ ಜನಗಣತಿಯವರೆಗೆ. 2023ರ 106ನೇ ತಿದ್ದುಪಡಿ ಕೊಟ್ಟ ಮಹಿಳಾ ಮೀಸಲನ್ನೂ ಮರುವಿಂಗಡಣೆಗೇ ಕಟ್ಟಿದ್ದಾರೆ. ಕರಡು ನಕ್ಷೆ ಪ್ರಕಟವಾದಾಗ ಆಕ್ಷೇಪಣೆ ಹೇಳಲು ಜನರಿಗೆ ಅವಕಾಶವಿರುತ್ತದೆ, ಅಂತಿಮ ಆದೇಶ ಬಂದ ಮೇಲೆ ಅದಕ್ಕೆ ಕಾನೂನಿನ ಬಲ. ಕಳೆದ ಸಲ ಕರಡು ಬಂದ ಹೊತ್ತಿನಲ್ಲಿ ನಮ್ಮಲ್ಲಿ ಎಷ್ಟು ಮಂದಿ ಅದನ್ನು ಓದಿದ್ದರು? ನಾನೂ ಓದಿರಲಿಲ್ಲ. ಈ ಸಲ ಓದುತ್ತೇನೆ, ಓದಿ ಇದೇ ಅಂಕಣದಲ್ಲಿ ಬರೆಯುತ್ತೇನೆ. ಪಂಚಾಯಿತಿ ಸದಸ್ಯರು, ಸಹಕಾರ ಸಂಘದವರು, ಶಾಲೆಯ ಮೇಷ್ಟರು ಅದನ್ನು ಕೈಗೆ ತೆಗೆದುಕೊಂಡು ನೋಡಬೇಕೆಂದು ಈಗಲೇ ಕೇಳಿಕೊಳ್ಳುತ್ತೇನೆ.

ಹೋದ ತಿಂಗಳು ಕೆರೆಕಟ್ಟೆಗೆ ಹೋದಾಗ ಅತ್ತೆಯ ಮನೆಯ ಜಗಲಿಯಲ್ಲಿ ಕೂತು ಮತದಾರರ ಪಟ್ಟಿ ನೋಡಿದೆ. 1978ರಲ್ಲಿ ಆ ಮನೆಯಿಂದ ಏಳು ಮಂದಿ ವೋಟು ಹಾಕಿದ್ದರು. ಅತ್ತೆ ಹೋಗಿ ವರ್ಷಗಳಾದವು. ತೋಟಕ್ಕೆ ಹಳದಿ ಎಲೆ ರೋಗ ಬಂದು ಅರ್ಧ ಮರಗಳು ಬೋಳಾಗಿವೆ. ಮೊಮ್ಮಕ್ಕಳು ಬೆಂಗಳೂರಿನಲ್ಲಿದ್ದಾರೆ, ಗಣತಿಯವರು ಅವರನ್ನು ಅಲ್ಲೇ ಎಣಿಸುತ್ತಾರೆ. ಪಟ್ಟಿಯಲ್ಲಿ ಆ ಮನೆಯ ನಂಬರಿನ ಎದುರು ಈಗ ಎರಡೇ ಹೆಸರು, ಅತ್ತೆಯ ಮಗ ಮತ್ತು ಅವನ ಹೆಂಡತಿ. ಅವನು ಚೊಗರು ಹಿಡಿದ ಬೆರಳಿನಿಂದ ತನ್ನ ಹೆಸರನ್ನು ತೋರಿಸಿ, ವಯಸ್ಸು ಎರಡು ವರ್ಷ ಹೆಚ್ಚು ಬರೆದಿದ್ದಾರೆ, ಅದನ್ನು ಸರಿ ಮಾಡಿಸಬೇಕು ಭಾವ, ಎಂದ.